ಹೆಗಲಳತೆ

ಬಾಯಾರು ಪದವಿನ ಮೇಲೆ ಪಿಕಪ್ ನಿಲ್ಲಿಸಿ
ಮೊಯ್ದುಂಞಿ ಹಲಗೆ ಇಳಿಸಿದ.
ಕಪ್ಪು ಬಿಳಿ ಹಸು. ನಮ್ಮ ಬಾಗಿಲಷ್ಟು ಎತ್ತರ.
"ಹದಿನೆಂಟು ಲೀಟರ್, ಮಾಂಕಣ್ಣ. ಸೊಸೈಟಿ ಸಾಲವೂ ಉಂಟು,
ನೀವು ಒಂದು ಸಹಿ ಹಾಕಿದರೆ ಮುಗಿಯಿತು."
ಅದು ಮುರಕಲ್ಲಿನ ಮೇಲೆ ಒಂದು ಕಾಲಿಟ್ಟಿತು,
ಜಾರಿತು,
ಕಾಲನ್ನು ಮತ್ತೆ ಹಲಗೆಗೇ ತೆಗೆದುಕೊಂಡಿತು.
ಮಧ್ಯಾಹ್ನದ ಕಲ್ಲು. ಅದರ ತಪ್ಪೇನೂ ಅಲ್ಲ.

ಬಾಯಾರಿದೆ ಪಾಪ ಎಂದು ಬಕೆಟ್ ಇಟ್ಟೆ.
ಮತ್ತೊಂದು. ಮತ್ತೊಂದು.
ಐದನೆಯದಕ್ಕೆ ತೊಟ್ಟಿಯ ತಳದ ಪಾಚಿ ಕಂಡಿತು.
ಸುಗ್ಗಿ ತಿಂಗಳಲ್ಲಿ ನಮ್ಮ ಸುರಂಗ ಕೊಡುವುದು
ಬೀಡಿಗೆ ಸುತ್ತುವ ನೂಲಿನಷ್ಟು ನೀರು.

ಆ ಸುರಂಗ ತೋಡಿದವನು ನಾನೇ.
ನಲವತ್ತು ವರ್ಷ ಗುಡ್ಡದ ಹೊಟ್ಟೆಯಲ್ಲಿ
ಮೇಣದ ಬತ್ತಿ ಹಚ್ಚಿ ಕೂತು ಕಲಿತದ್ದಿಷ್ಟು:
ಹೆಗಲು ಹೋಗುವಷ್ಟು ಅಗಲ,
ಬಗ್ಗಿದ ಬೆನ್ನಿನಷ್ಟು ಎತ್ತರ.
ಹೆಚ್ಚು ತೋಡಿದರೆ ಹೆಚ್ಚು ಬರುವುದು ಮಣ್ಣು.
ಅದನ್ನು ಹೊತ್ತು ಹೊರಗೆ ಹಾಕುವುದು ಯಾರು?

ಸೇಸಿ ಮೊರದಿಂದ ತಲೆ ಎತ್ತಲಿಲ್ಲ.
"ಗಿಡ್ಡ ತಂದರೆ ಆರು ಕುಡ್ತೆ ಹಾಲು.
ಬೆಳಗಿನ ಚಹಾ, ಮಧ್ಯಾಹ್ನದ ಮಜ್ಜಿಗೆ. ಆಯಿತಲ್ಲ?
ಸೊಸೈಟಿಗೆ ಏನು, ನಿಮ್ಮ ಮೀಸೆ ಅಳೆದು ಕೊಡುವುದಾ?"
ಅವಳ ಲೆಕ್ಕ ಸರಿ.
ದಿನಕ್ಕೆ ಸಾವಿರ ಎಣಿಸುವ ಬೆರಳು ತಪ್ಪುವುದುಂಟೇ?
ನಾನು ಅಂಗಿ ಹಾಕಿಕೊಂಡು
ಕುರುಡಪದವಿನ ದಾರಿ ಹಿಡಿದೆ.

ತ್ಯಾಂಪಣ್ಣನ ಹಟ್ಟಿಯಲ್ಲಿ ಹನ್ನೊಂದು ಗಿಡ್ಡ.
ನಾನು ಮೊದಲು ನೋಡಿದ್ದು ಸೆಗಣಿ.
ಆಮೇಲೆ ಗೊರಸು.
ಆಮೇಲೆ ಮುಂಗಾಲಿನ ನಡುವೆ ಕೈ ಹಿಡಿದು
ಒಂದು ಗೇಣು, ಮೇಲೆ ಎರಡು ಬೆರಳು:
ಉಸಿರು ಕೂರುವ ಜಾಗ.

ಒಂದಿತ್ತು, ಆಡಿಗಿಂತ ಕುಳ್ಳು.
ಕೊಚ್ಚಿಯವರು ಫೋಟೋ ನೋಡಿ
ಎರಡರಷ್ಟು ಬೆಲೆ ಹೇಳಿದ್ದಾರಂತೆ,
ಹುಲ್ಲುಹಾಸಿನ ಮೇಲೆ ನಿಲ್ಲಿಸಲಿಕ್ಕೆ.
ಒಯ್ಯಲಿ.
ತೀರಾ ಕಿರಿದು ತೋಡಿದರೂ ಆಪತ್ತೇ,
ಒಳಗೆ ಹೋದವನಿಗೆ ತಿರುಗಲು ಜಾಗ ಬೇಕು,
ಕರುವಿಗೆ ಹೊರಗೆ ಬರಲು ಬೇಕು.

ಇನ್ನೊಂದರ ಬಣ್ಣ ಹಣ್ಣು ಗೇರಿನದು.
ಆದರೆ ಹಿಂಡಿಯ ಬಾಲ್ದಿ ಅಲ್ಲಾಡಿದ ಕಡೆಗೇ
ಅದರ ಕಿವಿ.

ಮತ್ತೆ ಇವಳು.
ಉಳಿದವು ಬೈಹುಲ್ಲಿಗೆ ಮುಗಿಬಿದ್ದಾಗ
ಆಚೆ ಒಬ್ಬಳೇ, ಉದುರಿದ ಹಲಸಿನೆಲೆ,
ಮುಳಿಹುಲ್ಲು ಕೊಯ್ದು ಉಳಿದ ಕೂಳೆ,
ನೆರಳು ಸರಿದಂತೆ ತಾನೂ ಸರಿಯುತ್ತ.
ಹೊಟ್ಟೆ ತುಂಬಿತ್ತು. ಯಾರೂ ತುಂಬಿಸಿದ್ದಲ್ಲ.
ಪಕ್ಕ ನಿಂತು ಅಳೆದೆ:
ನನ್ನ ಅಂಗಿಯ ಕೊನೆಯಿಂದ ಎರಡನೆ ಗುಂಡಿಗೆ
ಅವಳ ಹಿಣಿಲು.
"ಇವಳ ತಾಯಿ?"
"ಓ ಅಲ್ಲಿ. ಹದಿನಾಲ್ಕು ವರ್ಷ, ಒಂಬತ್ತನೆ ಬಸಿರು.
ಡಾಕ್ಟರನ ಮುಖ ಕಂಡಿಲ್ಲ."
ಹನ್ನೊಂದು ಸಾವಿರ. ಹಗ್ಗ ಅವನದ್ದೇ.

ಒಳ್ಳೆಯದನ್ನು ಮಾತ್ರ ಹೇಳಿದರೆ ಸುಳ್ಳಾದೀತು.
ಮೊದಲ ವಾರವೇ ಬೇಲಿ ಹಾರಿ
ಕ್ರಾಸ್ತರ ಬಸಳೆ ಚಪ್ಪರ ಬೋಳಿಸಿದಳು.
ಸೇಸಿ ಮೊರ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು
ಕ್ಷಮೆ ಕೇಳಲು ಹೋದಳು,
ಬರುವಾಗ ನನ್ನ ಹತ್ತಿರ ಮಾತಾಡಲಿಲ್ಲ.

ಮರುವರ್ಷದ ಕಾರ್ತೆಲಿನಲ್ಲಿ, ಒಂದು ರಾತ್ರಿ,
ಯಾರನ್ನೂ ಎಬ್ಬಿಸದೆ ಕರು ಹಾಕಿದಳು.
ಬೆಳಿಗ್ಗೆ ನಾವು ಹೋದಾಗ
ಅದು ಎದ್ದು, ನೆಕ್ಕಿಸಿಕೊಂಡು, ಕುಡಿದೂ ಆಗಿತ್ತು.
ಹತ್ತು ದಿನ ಬಿಟ್ಟು ಸೇಸಿ ಕುಡ್ತೆ ಹಿಡಿದು ಕರೆದಳು.

ಈಗ ಮತ್ತೆ ಸುಗ್ಗಿ. ಹೂಳು ತೆಗೆಯಲು ಒಳಗಿದ್ದೇನೆ.
ಇದ್ದಕ್ಕಿದ್ದಂತೆ ಬೆಳಕು ಕಟ್ಟಿತು.
ಸೆಕೆ ತಾಳದೆ ಇವಳು
ಮುಂಗಾಲು, ಎದೆ, ಅರ್ಧ ಹೊಟ್ಟೆ ಸುರಂಗದೊಳಗಿಟ್ಟು
ತಂಪಿಗೆ ಕಣ್ಣುಮುಚ್ಚಿ ಮೆಲುಕಾಡುತ್ತಾಳೆ.
ಅವಳು ಹಿಂದೆ ಸರಿಯುವವರೆಗೆ ಕಾದೆ.
ಎರಡೂ ಗೋಡೆಯಲ್ಲಿ ಕೆಂಪು ಕೂದಲು.
ಹೊರಗಿನಿಂದ ಸೇಸಿಯ ಧ್ವನಿ:
"ಐದೂವರೆ. ಕೇಳಿತಾ?
ಆರು ಅಲ್ಲ, ಐದೂವರೆ."