ತೂತಿನ ಅಳತೆ

ಎಲ್ಲರ ಮನೆ ದೋಸೆಯೂ ತೂತೇ ಅನ್ನುತ್ತೇವೆ ನಾವು.
ಒಹಾಯೋದ ಲೊರೇನ್ ಊರಿನಲ್ಲಿ ದೋಸೆಯಿಲ್ಲ,
ವಿಲ್ಮಾ ಕುಜ್ಮಾಕಳ ಷೆಡ್ಡಿನಲ್ಲಿ ತೂತೇ ಕಸುಬು.
ರಬ್ಬರ್ ಹಾಳೆಯಿಂದ ವಾಷರ್ ಕತ್ತರಿಸುವುದು.
ಅಪ್ಪನ ಕಾಲದ ಎರಡು ಪ್ರೆಸ್ಸು,
ತಿಯೊಫಿಲೊ ಎಂಬ ಒಬ್ಬ ಕೆಲಸಗಾರ,
ಶನಿವಾರ ಮಾತ್ರ ಬರುವ ಸೋದರಳಿಯ.

ಕಾರಿನ ಕಾರ್ಖಾನೆ ಮುಚ್ಚಿದ ಮೇಲೆ
ಪ್ರೆಸ್ಸು ಬಡಿಯುವ ಸದ್ದಿಗಿಂತ
ಸರೋವರದ ಗಾಳಿ ತಗಡು ಬಡಿಯುವ ಸದ್ದೇ ಹೆಚ್ಚು.
ಯಾರೋ ಅಂದರು: ರಕ್ಷಣಾ ಇಲಾಖೆಗೆ ಮಾರು.
ಅವರಿಗೆ ಎಲ್ಲವೂ ಬೇಕು. ವಾಷರೂ.

ಕಾಲೇಜಿನ ನೆಲಮಾಳಿಗೆಯಲ್ಲಿ ಬುಧವಾರ ಸಂಜೆ
ಓಡೆಲ್ ಪ್ರೇಥರ್ ಪುಕ್ಕಟೆ ಹೇಳಿಕೊಡುತ್ತಾನೆ,
ಇಪ್ಪತ್ತೆರಡು ವರ್ಷ ಹಡಗಿನ ಉಗ್ರಾಣ ಕಾದವನು.
"ಮೊದಲು ನೋಂದಣಿ. ಆಮೇಲೆ ಒಂದು ಸಂಕೇತ ಬರುತ್ತೆ,
ಐದೇ ಅಕ್ಷರ. ಅದು ಬರುವ ತನಕ
ಅವರ ಲೆಕ್ಕದಲ್ಲಿ ನೀನಿನ್ನೂ ಹುಟ್ಟಿಲ್ಲ."
ಅಂಗಡಿಯ ಹೆಸರು ಬ್ಯಾಂಕಿನಲ್ಲಿ ಒಂದು ಥರ, ತೆರಿಗೆಯಲ್ಲಿ ಇನ್ನೊಂದು;
ಒಂದು ಅಲ್ಪವಿರಾಮಕ್ಕೆ ಆರು ವಾರ ಹೋಯಿತು.

ನಮೂನೆ ಕೇಳಿತು: ನಿಮ್ಮದು ಸಣ್ಣ ಉದ್ದಿಮೆಯೇ?
ಐನೂರು ಜನರಿದ್ದರೂ ಸಣ್ಣದೇ ಅಂತ ಕೆಳಗೆ ಬರೆದಿತ್ತು.
ವಿಲ್ಮಾ ಬೆರಳು ಮಡಚಿದಳು:
ನಾನು, ತಿಯೊಫಿಲೊ, ಶನಿವಾರದ ಅರ್ಧ.
ಇದಕ್ಕೇನನ್ನಬೇಕೋ ಆ ಪದ ನಮೂನೆಯಲ್ಲಿ ಇರಲಿಲ್ಲ.
ಹೌದು ಅಂತ ಗುರುತು ಹಾಕಿದಳು.

"ದೊಡ್ಡದಕ್ಕೆ ಕೈ ಹಾಕಬೇಡ. ಹಳೇ ಹಡಗಿನ ಹಳೇ ಭಾಗ ಹುಡುಕು,
ದೊಡ್ಡ ಕಂಪನಿ ಮೂಸಿಯೂ ನೋಡದ್ದು."
ಸಿಕ್ಕಿತು. ಸಾವಿರದ ಇನ್ನೂರು ನಗ.
ಐವತ್ತೆಂಟನೆಯ ಇಸವಿಯ ನಕ್ಷೆ, ನಕಲಿನ ನಕಲಿನ ನಕಲು.
ಹೊರಸುತ್ತು ಓದಬಹುದು, ದಪ್ಪ ಓದಬಹುದು,
ತೂತಿನ ಅಳತೆಯ ಮೇಲೆ ಮಾತ್ರ
ಯಾವ ಕಾಲದ್ದೋ ಕಾಫಿ ಲೋಟದ ಗುಂಡನೆ ಕಲೆ.
ಪತ್ರ ಬರೆದು ಕೇಳಿದಳು.
ಹತ್ತೊಂಬತ್ತನೆಯ ದಿನ ಉತ್ತರ ಬಂತು:
ನಕ್ಷೆ ನೋಡಿ.

ಹಿಂದೆ ಯಾರು ಮಾರಿದರು, ಎಷ್ಟಕ್ಕೆ, ಎಲ್ಲ ದಾಖಲೆಯಲ್ಲಿರುತ್ತೆ.
ಈರಿ ಊರಿನ ಸ್ಟಾಶಕ್ ಅಂಡ್ ಬ್ರದರ್.
ಫೋನು ಹನ್ನೊಂದು ಸಲ ಹೊಡೆದುಕೊಂಡಿತು.
"ಅಂಗಡಿ ಇಲ್ಲ. ಬ್ರದರೂ ಇಲ್ಲ. ನಾನಿದ್ದೇನೆ, ಹೇಳು."
ಮಗ್ಗಿ ಒಪ್ಪಿಸಿದ ಹಾಗೆ ಅಳತೆ ಒಪ್ಪಿಸಿದ ಮುದುಕ.
"ಅಚ್ಚು ಕೂದಲೆಳೆಯಷ್ಟು ದೊಡ್ಡದಿರಲಿ,
ಕತ್ತರಿಸಿದ ಮೇಲೆ ರಬ್ಬರ್ ಮುದುಡುತ್ತೆ.
ನನಗೆ ಎರಡು ಸಲ ವಾಪಸ್ ಬಂದಿದ್ದವು."
ನನಗ್ಯಾಕೆ ಹೇಳಿದಿರಿ ಅಂತ ಅವಳು ಕೇಳಲಿಲ್ಲ.
ಅವನೇ ಕೇಳಿದ: "ಇನ್ನೂ ಬೇಕಂತಾ ಅವರಿಗೆ ಅದು? ಇನ್ನೂ?"

ಮೊದಲ ಸಲ ಅರ್ಧ ಸೆಂಟಿಗೆ ಸೋತಳು.
ಮುಂದಿನ ಚಳಿಗಾಲ ಗೆದ್ದಳು.
ಒಂದೊಂದು ವಾಷರಿಗೂ ಒಂದೊಂದು ಚೀಲ, ಚೀಲಕ್ಕೊಂದು ಚೀಟಿ,
ಚೀಟಿಗೆ ಇಂಥದೇ ಅಂಟು:
ಮೂಗಿಗಿಂತ ಮೂಗುತಿ ಭಾರ.

"ಇವು ಎಲ್ಲಿಗೆ ಹೋಗುತ್ತವೆ?"
"ಹಡಗಿನಲ್ಲಿ ಎಲ್ಲವೂ ಸೋರುತ್ತೆ," ಅಂದ ಓಡೆಲ್,
"ಎಲ್ಲಿ ಸೋರುವುದಿಲ್ಲವೋ ಅಲ್ಲಿದೆ ಅಂದುಕೋ."
ಆ ರಾತ್ರಿ, ಅಡುಗೆಮನೆಯ ನಲ್ಲಿಗಿರಲಿ,
ಇನ್ನೊಂದಕ್ಕೆ ಬೇಡ ಅಂತ ಬೇಡಿಕೊಳ್ಳಲು ಹೋಗಿ
ಕರೆಂಟು ಬಿಲ್ಲು ನೆನಪಾಗಿ
ಅರ್ಧಕ್ಕೇ ಬಿಟ್ಟಳು.

ತಪಾಸಣೆಗೆ ಬಂದ ಹುಡುಗನಿಗೆ ನೆಗಡಿ.
ಉಕ್ಕಿನ ಕಡ್ಡಿಯನ್ನು ತೂತಿಗಿಳಿಸಿ, ತೆಗೆದು, ಸೀನಿದ.
ಎಷ್ಟು ಖಾಲಿ ಬೇಕಿತ್ತೋ ಅಷ್ಟೇ ಖಾಲಿ.
ಸಹಿ ಹಾಕಿದ. ಹಣ ಮೂವತ್ತು ದಿನಕ್ಕೆ ಅಂತ ಕಾಗದ,
ಬಂದದ್ದು ನಲವತ್ತೆಂಟನೆಯ ದಿನ.

ತೂತುಗಳೊಳಗಿಂದ ಉದುರಿದ ಕರಿ ಬಿಲ್ಲೆಗಳನ್ನು
ಬಿಸ್ಕತ್ತಿನ ಡಬ್ಬಿಗೆ ಗುಡಿಸಿಟ್ಟಿದ್ದ ತಿಯೊಫಿಲೊ.
ಅವನ ಮಗಳು ಅಂಗಡಿ ಆಟಕ್ಕೆ ಒಯ್ದಳು.
ನಿನ್ನೆ ವಿಲ್ಮಾ ಅವಳಲ್ಲಿ ಒಂದು ಮೋಟು ಪೆನ್ಸಿಲ್ ಕೊಂಡಳು.
ಪ್ರೆಸ್ಸಿನಡಿ ಹೆಕ್ಕಿದ ಹತ್ತು ಬಿಲ್ಲೆ ಕೊಟ್ಟರೆ
ಎಣಿಸಿಕೊಂಡು, ಚಿಲ್ಲರೆ ಇಲ್ಲ, ನಾಳೆ ಬಾ
ಅಂದಳು ಹುಡುಗಿ.