ಬಾಲದ ಅಳತೆ

ಬಳೇಪೇಟೆಯ ಕತ್ತಲೆ ಮೆಟ್ಟಿಲು ಹತ್ತಿ ಬಂದಳು,
ಮೊಬೈಲ್ ಚಾಚಿದಳು: ‘ಇದು ಬೇಕು, ಶನಿವಾರಕ್ಕೆ.’
ಏಳು ಕಣ್ಣು, ಬಾವಲಿ ರೆಕ್ಕೆ, ಮೊಸಳೆಯ ಬೆನ್ನು.
ಕನ್ನಡಕ ಏರಿಸಿ ನೋಡಿದೆ.
ನಲವತ್ತು ವರ್ಷ ನಾಟಕದ ರಕ್ಕಸರಿಗೆ
ಕಸೆ ಕಟ್ಟಿದ ಕೈ ಇದು, ಆದರೂ
ಇವನ ಊರು ಯಾವುದೋ ತಿಳಿಯಲಿಲ್ಲ.

‘ಕೂರುವುದು ಹೇಗೆ ಇವನು?’
ನಕ್ಕಳು. ‘ಕೂರಲ್ಲ ಅಂಕಲ್, ಆಟದ ಕೊನೇ ಬಾಗಿಲಲ್ಲಿ
ನಿಂತೇ ಇರ್ತಾನೆ. ಕೊಂದರೆ ಒಂದು ಕತ್ತಿ ಸಿಗುತ್ತೆ.’
‘ಸಾಯುವಾಗ ಏನಂತಾನೆ?’
‘ಏನಿಲ್ಲ. ಹೊಗೆಯಾಗ್ತಾನೆ.’

ನಮ್ಮವರು ಹಾಗಲ್ಲ ತಾಯಿ.
ಎದೆಗೆ ಬಾಣ ನೆಟ್ಟ ಮೇಲೂ
ಎರಡು ಕಂದ, ಒಂದು ವೃತ್ತ ಹಾಡದೆ ಬೀಳುತ್ತಿರಲಿಲ್ಲ;
ಹಿಂದಿನ ಸಾಲಿನಿಂದ ‘ವನ್ಸ್ ಮೋರ್’ ಬಂದರೆ
ಎದ್ದು, ಮೀಸೆ ಸರಿಮಾಡಿ,
ಇನ್ನೊಮ್ಮೆ ಸಾಯುತ್ತಿದ್ದರು.

ರಸೀದಿ ಬರೆದೆ: ಕು. ಮೌಲ್ಯ, ರಕ್ಕಸ ಒಂದು,
ಮುಂಗಡ ಎಂಟುನೂರು.

ಸ್ಪಂಜು, ರೆಕ್ಸಿನ್, ಮುರಿದ ಛತ್ರಿಯ ಕಡ್ಡಿ,
ಕಣ್ಣಿಗೆ ಎಸ್.ಪಿ. ರಸ್ತೆಯ ಸಣ್ಣ ಬಲ್ಬು.
ಬಾಲ ಮಾತ್ರ ಮೂರು ಸಲ ಬಿಚ್ಚಿ ಹೊಲಿದೆ,
ಮೆಟ್ರೋ ಬಾಗಿಲಿಗೆ ಸಿಕ್ಕಬಾರದಲ್ಲ.

ಶನಿವಾರ ಹಾಕಿ ನಿಂತಳು.
ಎದುರಿನ ತಬಲಾ ಅಂಗಡಿಯ ಫಯಾಜ್
ಬಾರು ಬಿಗಿಯುವುದು ಬಿಟ್ಟು ಬಾಯ್ದೆರೆದ.
ಒಳಗಿಂದ ಸಣ್ಣ ದನಿ: ‘ತುಂಬಾ ಸೆಕೆ.’

ಗೊತ್ತಿತ್ತು. ರಕ್ಕಸ ಯಾವ ಲೋಕದವನಾದರೂ
ಬೆವರುವುದು ಕಂಕುಳಲ್ಲೇ.
ಎಡ ರೆಕ್ಕೆಯ ಕೆಳಗೆ ಜೇಬಿದೆ ನೋಡಮ್ಮ,
ಕರವಸ್ತ್ರ ಇಟ್ಟಿದ್ದೇನೆ.

ಹೋಗು. ಅಲ್ಲಿ ಯಾರಾದರೂ ಕತ್ತಿ ಎತ್ತಿದರೆ
ಸುಮ್ಮನೆ ಹೊಗೆಯಾಗಬೇಡ,
ಒಂದು ಮಾತಾಡಿ ಬೀಳು.