ಮೂವತ್ತೆರಡು ಬೀಜ

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್, ಫೆಬ್ರವರಿ ಮಧ್ಯಾಹ್ನ.
ಮೂಟೆ ತುಂಬಿದ ಲಾರಿ ಹುಣಸೂರಿನ ಕಡೆ ಹೊರಟಿದೆ.
ತೇವ ಅಳೆಯುವ ಯಂತ್ರಕ್ಕೆ ಏನೋ ಆಗಿದೆಯೆಂದು
ನನ್ನನ್ನು ಕರೆಸಿದ್ದಾರೆ. ಅದರೊಳಗಿನ ಸಿ ನಾನೇ ಬರೆದದ್ದು.

ದೇಚಮ್ಮ ಪರದೆಗೆ ಬೆರಳಿಟ್ಟು ತೋರಿಸುತ್ತಾಳೆ:
ಎನ್, ಎ, ಎನ್.
"ಬೆಳಗಿನಿಂದ ನಾನ್ ನಾನ್ ಅಂತಿದೆ.
ನಮ್ಮ ಕೊಡವ ತಕ್ಕಲ್ಲೂ ನಾನ್ ಅಂದ್ರೆ ನಾನೇ.
ಯಾರಂತೆ ಅದು?"

ತಟ್ಟೆ ಖಾಲಿ ಇತ್ತು.
ಒಣಗಿ ಕಳೆದ ತೂಕ ಸೊನ್ನೆ, ಮೊದಲಿದ್ದ ತೂಕವೂ ಸೊನ್ನೆ,
ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ
ಯಂತ್ರ ಹೀಗೆ ತೊದಲಿದೆ.

ಹೇಗೆ ಹೇಳಲಿ? ಆರಿಸಿ ಎಸೆದ ರಾಶಿಯಿಂದ
ಹಿಡಿ ಬೀಜ ತಂದಳು ಅವಳೇ.
ಕರಿಬೀಜ ಸೊನ್ನೆ, ಬಿಳಿಚಿಕೊಂಡದ್ದು ಒಂದು.
ಸಾಲಾಗಿ ಮೂವತ್ತೆರಡು:
ಧನವೋ ಋಣವೋ ಹೇಳಲು ಒಂದು, ಘಾತಕ್ಕೆ ಎಂಟು,
ಮಿಕ್ಕ ಇಪ್ಪತ್ತಮೂರು ಅಂಕಿಯ ತಿರುಳು.

ಮೊದಲನೆಯದೊಂದೇ ಬಿಳಿ, ಉಳಿದದ್ದೆಲ್ಲ ಕರಿ.
"ಗೊತ್ತು," ಎಂದಳು, "ತಕ್ಕಡಿಯಲ್ಲಿ ನೋಡಿದ್ದೇನೆ,
ಮೈನಸ್ ಸೊನ್ನೆ. ಕೆಳಗಿಂದ ಹತ್ತಿ ಬಂದ ಸೊನ್ನೆ."
ಸಮವೇ ಎಂದು ಸಿ ಕೇಳಿದರೆ ಎರಡು ಸೊನ್ನೆಯೂ ಒಂದೇ;
ಬೀಜ ನೋಡಿದರೆ ಮಾತ್ರ ಬೇರೆ.

ಘಾತದ ಎಂಟೂ ಬಿಳಿ, ತಿರುಳೆಲ್ಲ ಕರಿ: ಅನಂತ.
ನಕ್ಕುಬಿಟ್ಟಳು, ಗೇಟಿನ ವಾಚ್‌ಮನ್ ಹೆಸರು ಅದು.
ಆ ಕರಿಯ ನಡುವೆ ಒಂದೇ ಒಂದು ಬಿಳಿ ಇಟ್ಟೆ,
ಎಲ್ಲಿಟ್ಟರೂ ಆದೀತು.
ಅನಂತ ಹೋಯಿತು. ಈಗ ಇದು ನಾನ್,
ಅಂಕಿಯ ಜಾಗದಲ್ಲಿ ಕೂತ ಅಂಕಿಯಲ್ಲದ್ದು.

ಹನ್ನೆರಡಕ್ಕಿಂತ ಹೆಚ್ಚೇ? ಅಲ್ಲ.
ಕಡಿಮೆಯೇ? ಅಲ್ಲ.
ಸರಿಯಾಗಿ ಹನ್ನೆರಡೇ? ಅದೂ ಅಲ್ಲ.
ಹೋಗಲಿ, ನೀನು ನೀನೇ ತಾನೆ?
ಅದಕ್ಕೂ ಅಲ್ಲವೆನ್ನುತ್ತದೆ.
ತೇವ ಹೆಚ್ಚಿದ್ದರೆ ತಡೆ ಎಂದಷ್ಟೇ ಬರೆದಿದ್ದೆ ನಾನು.
ಹೆಚ್ಚಲ್ಲವಲ್ಲ, ಖಾಲಿ ತಟ್ಟೆಗೆ ಹಸಿರು ದೀಪ.
ಬೆಳಗಿನಿಂದ ಏಳು ಸಲ
ಬರೀ ಗಾಳಿ ಪಾಸಾಗಿದೆ.

ಒಂದು ಸಾಲು ಸೇರಿಸಿದೆ:
ತನಗೆ ತಾನೇ ಸಮವಲ್ಲದ್ದನ್ನು ಹಿಡಿದು ನಿಲ್ಲಿಸು.
"ನನ್ನನ್ನು ಹಾಗೆ ಕೇಳಿದರೆ," ಎಂದಳು ದೇಚಮ್ಮ,
"ಕೆಲವು ದಿನ ನಾನೂ ಸಿಕ್ಕಿಬೀಳುತ್ತೇನೆ."

ಬೀಜ ಬಾಚಿ ಎಣಿಸಿದಳು. ಮೂವತ್ತೊಂದು.
ಮೇಜಿನಡಿ, ಗೋಣಿಯ ಮಡಿಕೆಯಲ್ಲಿ ಹುಡುಕಿದೆವು.
ಎಂಟರಲ್ಲಿ ಒಂದೋ, ತಿರುಳಿನದೋ,
ಎಲ್ಲಕ್ಕೂ ಮೊದಲಿನದೋ?
ಐದರ ಸೈರನ್ ಆಗುವವರೆಗೂ ಸಿಗಲಿಲ್ಲ.